ಹಳದಿ ಚುಕ್ಕಿಯ ಪುಸ್ತಕ

ಅವರ ಎಡಗೈ ಉಗುರುಗಳ ಮೇಲೆ ಯಾವಾಗಲೂ ಬಣ್ಣದ ಚುಕ್ಕಿಗಳಿರುತ್ತಿದ್ದವು. ಉಗುರಿಗೆ ಹಚ್ಚುವ ಬಣ್ಣವಲ್ಲ. ಕಾಗದ, ಪೆನ್ನು ಮಾರುವ ಅಂಗಡಿಯಲ್ಲಿ ಹಾಳೆಗಟ್ಟಲೆ ಸಿಗುವ, ಕಡಲೆಕಾಳಿನಷ್ಟು ಅಗಲದ ಸ್ಟಿಕರ್‌ಗಳು. ಹೆಬ್ಬೆರಳಿಗೆ ಹಳದಿ, ತೋರುಬೆರಳಿಗೆ ಹಸಿರು, ನಡುಬೆರಳಿಗೆ ನೀಲಿ, ಉಂಗುರದ ಬೆರಳಿಗೆ ಕೆಂಪು. ಶನಿವಾರ ಬೆಳಿಗ್ಗೆ ಪುಸ್ತಕ ವಿಂಗಡಿಸಲು ಕೂತರೆ ಬೇಕಾದ ಬಣ್ಣವನ್ನು ಉಗುರಿನಿಂದ ಕಿತ್ತು ಪುಸ್ತಕದ ಬೆನ್ನಿಗೆ ಅಂಟಿಸುತ್ತಿದ್ದರು. ಕೆಲಸ ಮುಗಿದ ಮೇಲೂ ಒಂದೆರಡು ಚುಕ್ಕಿ ಉಳಿದಿರುತ್ತಿದ್ದವು. ಅದೇ ಕೈಯಲ್ಲಿ ನಮಗೆ ಚಹಾ ಕೊಡುತ್ತಿದ್ದರು, ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುತ್ತಿದ್ದರು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವಾಗ ಮಾತ್ರ ನೆನಪಾಗಿ ಒಂದೊಂದಾಗಿ ಕಿತ್ತು ನಲ್ಲಿಯ ಪಕ್ಕದ ಗೋಡೆಗೆ ಅಂಟಿಸುತ್ತಿದ್ದರು. ಆ ಗೋಡೆಯೇ ಒಂದು ಚಿತ್ರವಾಗಿತ್ತು.

ನಾವೆಲ್ಲ, ಮಕ್ಕಳೂ ಅಪ್ಪ ಅಮ್ಮಂದಿರೂ, ಅವರನ್ನು ಲೈಬ್ರರಿ ಆಂಟಿ ಎನ್ನುತ್ತಿದ್ದೆವು. ಮೈಸೂರಿನ ಮಂಡಿ ಮೊಹಲ್ಲಾದ ಕಡೆಯವರು. ಅಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಬಹಳ ವರ್ಷ ಪಾಠ ಹೇಳಿ, ಆಮೇಲೆ ಗಂಡನ ವ್ಯಾಪಾರಕ್ಕಾಗಿ ಇಲ್ಲಿಗೆ, ಅಮೆರಿಕಕ್ಕೆ, ಬಂದವರು. ಅಂಕಲ್‌ಗೆ ನಾರ್ತ್‌ರಿಜ್‌ನಲ್ಲಿ ಕಾರ್ಪೆಟ್ ಅಂಗಡಿ. ಮನೆ ಮಾತ್ರ ನಮ್ಮ ಹಾಗೆಯೇ ಸ್ಯಾಂಟಾ ಕ್ಲಾರಿಟಾದಲ್ಲಿ. ಕಾರು ನಿಲ್ಲಿಸಬೇಕಾದ ಗ್ಯಾರೇಜಿನಲ್ಲಿ ಕಾರ್ಪೆಟ್ಟಿನ ಉಳಿದ ತುಂಡುಗಳನ್ನೆಲ್ಲ ಹಾಸಿ, ಗೋಡೆಗೆ ಹಲಗೆ ಬಡಿಸಿ, ಪ್ರತಿ ಶನಿವಾರ ನನ್ನ ಮಗಳೂ ಸೇರಿದಂತೆ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಫೀಸು ಕೇಳಿದರೆ, "ಮಗೂನ ಟೈಮಿಗೆ ಕಳಿಸಿ, ಅದೇ ಸಾಕು" ಎನ್ನುತ್ತಿದ್ದರು. ನಮ್ಮವರು ಅದನ್ನೂ ಕೊಡುತ್ತಿರಲಿಲ್ಲ. ಹತ್ತು ಗಂಟೆ ಎಂದರೆ ಹತ್ತೂಮುಕ್ಕಾಲು.

ಪಠ್ಯಪುಸ್ತಕ ಅಲ್ಲಿರಲಿಲ್ಲ. ಊರಿನಿಂದ ತರಿಸಿದ ಒಂದನೇ ತರಗತಿಯ ಪುಸ್ತಕ ಕೊಟ್ಟು ನೋಡಿದ್ದರಂತೆ. ಕಣಜ, ನೇಗಿಲು, ಮೊರ ಎಂದರೆ ಈ ಮಕ್ಕಳು ಗೋಡೆ ನೋಡುತ್ತಿದ್ದವು. ಅಕ್ಷರವೂ ಹೊಸದು, ವಸ್ತುವೂ ಹೊಸದು ಎಂದರೆ ಮಗು ಯಾವುದನ್ನು ಹಿಡಿದುಕೊಂಡು ಯಾವುದನ್ನು ಕಲಿಯಬೇಕು? ಹಾಗಾಗಿ ಆಂಟಿ ತಾವೇ ಪುಸ್ತಕ ಬರೆದರು. ಪ್ರಿಂಟರ್ ಕಾಗದ ಮಡಿಸಿ, ನಡುವೆ ದಾರ ಹೊಲಿದು, ದುಂಡಗಿನ ಅಕ್ಷರದಲ್ಲಿ. ಫ್ರೀವೇಯಲ್ಲಿ ದಾರಿ ತಪ್ಪಿದ ನಾಯಿ, ಈಜುಕೊಳಕ್ಕೆ ಬಿದ್ದ ನಿಂಬೆಹಣ್ಣು, ಬಸವನಹುಳದ ಮನೆ. ಹಳದಿ ಚುಕ್ಕಿ ಎಂದರೆ ಒಂದೂ ಒತ್ತಕ್ಷರವಿಲ್ಲದ ಪುಸ್ತಕ. ಹಸಿರೆಂದರೆ ಪುಟಕ್ಕೆ ಮೂರೋ ನಾಲ್ಕೋ ಒತ್ತು. ನೀಲಿಯಲ್ಲಿ ಉದ್ದ ವಾಕ್ಯಗಳು. ಕೆಂಪು ಚುಕ್ಕಿಯವು ಮಾತ್ರ ಊರಿನಿಂದ ಬಂದ ಅಚ್ಚಿನ ಕತೆಪುಸ್ತಕಗಳು.

ಯಾವ ಮಗುವಿಗೆ ಯಾವ ಬಣ್ಣ ಎಂದು ಅವರು ತೀರ್ಮಾನಿಸುತ್ತಿದ್ದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗುವನ್ನು ಎದುರಿಗೆ ಕೂರಿಸಿ ಒಂದು ಪುಟ ಓದಿಸುತ್ತಿದ್ದರು. ತಮ್ಮ ಬಲಗೈಯನ್ನು ಮೇಜಿನ ಕೆಳಗೆ ಮೊಣಕಾಲ ಮೇಲೆ ಇಟ್ಟುಕೊಂಡಿರುತ್ತಿದ್ದರು. ಮಗು ಎಡವಿದ ಪ್ರತಿ ಪದಕ್ಕೂ ಒಂದು ಬೆರಳು ಒಳಗೆ ಮಡಿಸುತ್ತಿದ್ದರು. ಒಂದು ಬೆರಳೂ ಮಡಿಸದಿದ್ದರೆ ಪುಸ್ತಕ ತೀರಾ ಸುಲಭ. ಐದೂ ಮಡಿದು ಮುಷ್ಟಿಯಾದರೆ ಪುಸ್ತಕ ಆ ಮಗುವಿಗೆ ಇನ್ನೂ ದೊಡ್ಡದು. ಮೂರು, ನಾಲ್ಕು ಬೆರಳು ಮಡಿದರೆ, "ಇದು ನಿನ್ನ ಪುಸ್ತಕ ಕಣೋ" ಎಂದು ಕೈಗಿಡುತ್ತಿದ್ದರು. ಮಗುವಿಗೆ ಬೆರಳು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪ್ಪ ಅಮ್ಮಂದಿರಾದ ನಮಗೆ ಕಾಣುತ್ತಿತ್ತು.

ಕಂಡಿದ್ದೇ ತೊಂದರೆಯಾಯಿತು. ಎರಡೇ ತಿಂಗಳಲ್ಲಿ ಬಣ್ಣಗಳ ಅರ್ಥ ನಮಗೆಲ್ಲ ಗೊತ್ತಾಯಿತು. ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತ, "ನಿಮ್ಮವಳು ಇನ್ನೂ ಹಳದೀನಾ? ನಮ್ಮವನಿಗೆ ಹೋದ ವಾರ ನೀಲಿ ಕೊಟ್ರಪ್ಪ" ಎಂದು ಶುರುವಾಯಿತು. ಆಂಟಿಯ ಕಿವಿಗೂ ಬಿತ್ತು. ಮುಂದಿನ ಶನಿವಾರ ಹೋಗಿ ನೋಡಿದರೆ ಎಲ್ಲ ಪುಸ್ತಕಗಳ ಬಣ್ಣವೂ ಅದಲುಬದಲಾಗಿತ್ತು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಅವರ ತಲೆಯಲ್ಲಿ ಮಾತ್ರ. ಕೇಳಿದ್ದಕ್ಕೆ, "ಕಾಲಿಗಿಂತ ದೊಡ್ಡ ಚಪ್ಪಲಿ ಹಾಕ್ಕೊಂಡ್ರೆ ನಡಿಗೆ ಬರಲ್ಲಮ್ಮಾ, ಸದ್ದು ಬರುತ್ತೆ ಅಷ್ಟೇ" ಎಂದರು. ನಾವು ಮೂರೇ ವಾರದಲ್ಲಿ ಹೊಸ ಬಣ್ಣಗಳನ್ನೂ ಕಂಡುಹಿಡಿದೆವು. ಅವರು ಸೋತು ಹಳೆಯದನ್ನೇ ಮತ್ತೆ ತಂದರು.

ಇನ್ನು ನನ್ನ ವಿಷಯ. ನಾನು ಬೆಂಗಳೂರಿನವಳು. ಮನೆಯಲ್ಲಿ ಅಚ್ಚ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಹಿಂದಿ. ಕನ್ನಡ ತೆಗೆದುಕೊಂಡರೆ ಅಂಕ ಕಡಿಮೆಯೆಂದು ಅಪ್ಪ ಬಿಡಿಸಿದ್ದರು. ಬಸ್ಸಿನ ಬೋರ್ಡು ಓದುತ್ತಿದ್ದೆ, ಸಿನಿಮಾ ಪೋಸ್ಟರ್ ಕಷ್ಟಪಟ್ಟು ಓದುತ್ತಿದ್ದೆ. ಅಲ್ಲಿಗೆ ನನ್ನ ಕನ್ನಡದ ಓದು ಮುಗಿಯಿತು. ಆದರೆ ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಎನ್ನುತ್ತಾರಲ್ಲ, ನನಗೆ ಬಾಯಿತ್ತು. ಇಲ್ಲಿನ ಕನ್ನಡ ಸಂಘದಲ್ಲಿ ನಾನೇ ಸಾಂಸ್ಕೃತಿಕ ಕಾರ್ಯದರ್ಶಿ, ನಾನೇ ನಿರೂಪಕಿ. "ಎಷ್ಟು ಸ್ವಚ್ಛ ಕನ್ನಡ ನಿಮ್ಮದು" ಎಂದು ಹಿರಿಯರು ಹೊಗಳುತ್ತಿದ್ದರು. ನನ್ನ ಕೈಯಲ್ಲಿದ್ದ ಕಾಗದದಲ್ಲಿ ಆ ಸ್ವಚ್ಛ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಇದು ಗೊತ್ತಿದ್ದದ್ದು ನನ್ನ ಗಂಡ ಒಬ್ಬರಿಗೇ.

ಲೈಬ್ರರಿ ಆಂಟಿಗೆ ಗೊತ್ತಾಗಲು ಒಂದು ಶನಿವಾರ ಸಾಕಾಯಿತು. ಚಿಕ್ಕ ಮಕ್ಕಳಿಗೆ ಒಂದು ಕತೆ ಓದಿ ಹೇಳಿ ಎಂದು ಕೆಂಪು ಚುಕ್ಕಿಯ ಪುಸ್ತಕ ಕೈಗೆ ಕೊಟ್ಟರು. ಕನ್ನಡಕ ಮರೆತು ಬಂದಿದ್ದೇನೆ ಎಂದೆ. ತಮ್ಮದನ್ನೇ ತೆಗೆದುಕೊಟ್ಟರು. ಹಾಕಿಕೊಂಡೆ, ಬೇರೆ ದಾರಿಯಿರಲಿಲ್ಲ. ಮೊದಲ ಸಾಲು ಓದಲು ಶುರುಮಾಡಿದಾಗ ಅವರ ಬಲಗೈ ಕಡೆ ಕಣ್ಣು ಹೋಯಿತು. ಒಂದು ಬೆರಳು ಮಡಿಯಿತು. ಎರಡು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಮುಷ್ಟಿಯಾಗಿತ್ತು. ನಾನು ನೋಡುತ್ತಿರುವುದನ್ನು ಅವರು ಗಮನಿಸಿದರು. ಥಟ್ಟನೆ ಕೈ ಬಿಡಿಸಿ ದುಪಟ್ಟಾದೊಳಗೆ ಸೇರಿಸಿಕೊಂಡು, "ಅಯ್ಯೋ, ನನ್ನ ನಂಬರು ನಿಮಗೆ ಹೊಂದಲ್ಲ, ತಲೆನೋವು ಬರುತ್ತೆ. ಕೊಡಿ, ಬಾಯಲ್ಲೇ ಒಂದು ಕತೆ ಹೇಳಿಬಿಡಿ. ನೀವು ಚೆನ್ನಾಗಿ ಹೇಳ್ತೀರ" ಎಂದರು.

ಅಂದಿನಿಂದ ಮಗಳ ಚೀಲದಲ್ಲಿ ಎರಡು ಪುಸ್ತಕ ಬರತೊಡಗಿದವು. ಎರಡಕ್ಕೂ ಹಳದಿ ಚುಕ್ಕಿ. "ಒಂದು ಪುಟ್ಟೀದು. ಇನ್ನೊಂದು ಹೊಸದಾಗಿ ಬರೆದಿದ್ದು, ತಪ್ಪೇನಾದ್ರೂ ಇದೆಯಾ ನೋಡಿ ಹೇಳಿ. ನನ್ನ ಕಣ್ಣು ಮೊದಲಿನ ಹಾಗಿಲ್ಲ" ಎಂದರು. ಅವರ ಪುಸ್ತಕದಲ್ಲಿ ಯಾವತ್ತೂ ಒಂದು ತಪ್ಪೂ ಇರುತ್ತಿರಲಿಲ್ಲ. ನನ್ನ ಮಾನ ಮುಚ್ಚಲು ಹೂಡಿದ ನೆಪ ಅದು ಎಂದು ನನಗೆ ಗೊತ್ತಿತ್ತು. ಕೃತಜ್ಞತೆ ಬರಬೇಕಿತ್ತು. ಬಂದದ್ದು ಸಿಟ್ಟು. ಎಂಜಿನಿಯರಿಂಗ್ ಓದಿದ ನನಗೆ ಬಸವನಹುಳದ ಕತೆಯೇ ಎಂದು ಪುಸ್ತಕವನ್ನು ತೆರೆಯದೆ ಹಿಂದಿರುಗಿಸುತ್ತಿದ್ದೆ. "ತಪ್ಪಿಲ್ಲ ಆಂಟಿ" ಎನ್ನುತ್ತಿದ್ದೆ. "ಒಳ್ಳೇದಾಯ್ತು" ಎಂದು ಇನ್ನೊಂದು ಕೊಡುತ್ತಿದ್ದರು.

ಎರಡು ಸಾವಿರದ ಐದರ ರಾಜ್ಯೋತ್ಸವ ಬಂತು. ನಾರ್ತ್‌ರಿಜ್‌ನ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಆಂಟಿಯ ತರಗತಿಯ ಮಕ್ಕಳು ವೇದಿಕೆಯ ಮೇಲೆ ಒಂದೊಂದು ಪುಟ ಓದುವುದೆಂದು ತೀರ್ಮಾನವಾಯಿತು. ಪ್ರತಿ ಮಗುವೂ ತನ್ನ ಬಣ್ಣದ್ದನ್ನೇ ಓದಲಿ, ಆದರೆ ಎಲ್ಲ ಪುಸ್ತಕಕ್ಕೂ ಒಂದೇ ಕಂದು ಕಾಗದದ ರಟ್ಟು ಹಾಕೋಣ, ಯಾರಿಗೂ ಬಣ್ಣ ಕಾಣುವುದು ಬೇಡ ಎಂದರು ಆಂಟಿ. ನನಗೆ ಸಮಾಧಾನವಾಗಲಿಲ್ಲ. ಟೆಲಿಕಾಂ ಕಂಪನಿಯ ಎಂಜಿನಿಯರೊಬ್ಬರ ಮಗ ಕೆಂಪು ಪುಸ್ತಕ ಓದುವವನಿದ್ದ. ಕಾರ್ಯದರ್ಶಿಯ ಮಗಳು ಬಸವನಹುಳ ಓದಬೇಕೆ? ಅವಳಿಗೂ ಕೆಂಪು ಕೊಡಿ ಎಂದು ಕೇಳಿದೆ.

"ಬೇಡಮ್ಮಾ. ಹಳದೀನ ಅವಳು ನಗ್‌ನಗ್ತಾ ಓದ್ತಾಳೆ. ಯುಗಾದಿ ಹೊತ್ತಿಗೆ ಹಸಿರಿಗೆ ಬರ್ತಾಳೆ. ಅವಸರ ಮಾಡಿದ್ರೆ ಹೆದರಿಬಿಡ್ತಾಳೆ."

ಆಗಲಿ ಎಂದೆ. ಬರುವಾಗ ಹಲಗೆಯಿಂದ ಒಂದು ಕೆಂಪು ಚುಕ್ಕಿಯ ಪುಸ್ತಕವನ್ನು ಹೇಳದೆ ಕೇಳದೆ ಬ್ಯಾಗಿಗೆ ಹಾಕಿಕೊಂಡೆ. ನನ್ನ ಗಂಡ ಹಾಸನದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಕಲ್ವರ್ ಸಿಟಿಯ ಆಫೀಸಿನಿಂದ ಬಂದು ಉಸ್ಸೆಂದು ಕೂತವರ ಕೈಯಲ್ಲಿ ಮೊದಲ ಪುಟ ಓದಿಸಿ, ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡೆ. "ಇದು ಸರೀನಾ?" ಎಂದು ಒಮ್ಮೆ ಕೇಳಿದರು. ಎರಡನೇ ಸಲ ಕೇಳಲಿಲ್ಲ. ಆ ಕಾಗದವನ್ನು ಮಗಳಿಗೆ ಹತ್ತು ದಿನ ಬಾಯಿಪಾಠ ಮಾಡಿಸಿದೆ. ಯಾವ ಪದಕ್ಕೆ ಪುಟದ ಎಡದಿಂದ ಬಲಕ್ಕೆ ಕಣ್ಣು ಹೊರಳಿಸಬೇಕು ಎಂಬುದನ್ನೂ ಕಲಿಸಿದೆ. ಎಂಟು ವರ್ಷದ ಮಗು.

ಹಾಲ್‌ನಲ್ಲಿ ಅವಳು ಗಿಳಿಯ ಹಾಗೆ ಒಪ್ಪಿಸಿದಳು. ಒಂದು ತಡವರಿಕೆಯಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಮುಖ್ಯ ಅತಿಥಿಯಾಗಿ ಬಂದಿದ್ದ ಹಿರಿಯ ಡಾಕ್ಟರೊಬ್ಬರಿಗೆ ಸಂತೋಷ ತಡೆಯಲಾಗಲಿಲ್ಲ. ಎದ್ದು ಬಂದು, ಪುಸ್ತಕದ ಪುಟ ತಿರುಗಿಸಿ, "ಭೇಷ್ ಮರಿ, ಎಲ್ಲಿ, ಮುಂದೇನಾಯ್ತು ಅದನ್ನೂ ಓದಿಬಿಡು" ಎಂದರು.

ಮಗಳು ಪುಟ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಪುಟ ನೋಡಿದಳು. ಆಮೇಲೆ ಮೈಕಿನಲ್ಲಿ, ಸಣ್ಣ ದನಿಯಲ್ಲಿ, "ಅಮ್ಮಾ, ದಿಸ್ ಪೇಜ್ ವಿ ಡಿಡ್ ನಾಟ್ ಡೂ" ಎಂದಳು.

ಇಡೀ ಹಾಲ್ ನಕ್ಕಿತು. ಕೆಟ್ಟ ನಗುವೇನಲ್ಲ, ಮಕ್ಕಳ ಮಾತಿಗೆ ದೊಡ್ಡವರು ನಗುವ ಹಾಗೆಯೇ ನಕ್ಕರು. ನಾನೂ ನಕ್ಕು, ತಪ್ಪು ನನ್ನದು, ಬಾಯಿಪಾಠ ಮಾಡಿಸಿದ್ದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಕೈಯಲ್ಲಿ ಇನ್ನೊಂದು ಮೈಕಿತ್ತು. "ಏನ್ಮಾಡೋದು ಹೇಳಿ, ಎರಡು ವರ್ಷದಿಂದ ಕ್ಲಾಸಿಗೆ ಕಳಿಸ್ತಿದೀವಿ. ಇನ್ನೂ ಅ ಆ ಇ ಈ ಪುಸ್ತಕಾನೇ ಕೊಟ್ಟು ಕೂರಿಸ್ತಾರೆ. ಮಕ್ಕಳು ಕಲಿಯೋದಾದ್ರೂ ಹೇಗೆ?" ಎಂದೆ, ನನ್ನ ಸ್ವಚ್ಛ ಕನ್ನಡದಲ್ಲಿ.

ತಲೆಗಳೆಲ್ಲ ಮೂರನೆಯ ಸಾಲಿನ ಕಡೆ ತಿರುಗಿದವು. ಆಂಟಿ ಅಲ್ಲಿ ಕೂತಿದ್ದರು, ಪಕ್ಕದಲ್ಲಿ ಅಂಕಲ್. ಅಂಕಲ್ ಏನೋ ಹೇಳಲು ಬಾಯಿ ತೆರೆದರು, ಆಂಟಿ ಅವರ ಮೊಣಕೈ ಮುಟ್ಟಿ ತಡೆದರು. ಎದ್ದು ನಿಧಾನವಾಗಿ ಮೆಟ್ಟಿಲು ಹತ್ತಿ ವೇದಿಕೆಗೆ ಬಂದರು. ಆ ಕೆಂಪು ಪುಸ್ತಕವನ್ನು ನನ್ನ ಮುಂದೆ ಹಿಡಿದು "ನೀವೇ ಓದಿ ತೋರಿಸಿ" ಎಂದು ಒಂದೇ ಒಂದು ಮಾತು ಹೇಳಿದ್ದರೆ ಅಲ್ಲಿಗೆ ನನ್ನ ಕತೆ ಮುಗಿಯುತ್ತಿತ್ತು. ಅವರು ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡರು. ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ತಮ್ಮ ಚೀಲದಿಂದ ಬಸವನಹುಳದ ಪುಸ್ತಕ ತೆಗೆದು ಅವಳ ಕೈಗಿಟ್ಟು, "ಇದು ನಿನ್ನ ಪುಸ್ತಕ ಪುಟ್ಟಿ. ಓದು" ಎಂದರು. ಅವಳು ಮೂಗು ಒರೆಸಿಕೊಂಡು ಓದಿದಳು. ನಿಜವಾಗಿ ಓದಿದಳು, ಎರಡು ಕಡೆ ನಿಂತು, ತಾನೇ ಸರಿಮಾಡಿಕೊಂಡು. ಚಪ್ಪಾಳೆ ಮೊದಲಿನಷ್ಟು ಬರಲಿಲ್ಲ. ಆಂಟಿ ನನ್ನ ಕಡೆ ನೋಡದೆ ಇಳಿದುಹೋದರು.

ಮಾತು ಆಡಿದರೆ ಹೋಯಿತು ಎನ್ನುವುದು ಸುಳ್ಳಲ್ಲ. ನಾನು ಆಡಿದ ಮಾತು ಸ್ಯಾಂಟಾ ಕ್ಲಾರಿಟಾದ ಅಡುಗೆಮನೆಗಳನ್ನೆಲ್ಲ ಸುತ್ತಿ ಬಂತು. ಒಂದೊಂದಾಗಿ ಮಕ್ಕಳು ಗ್ಯಾರೇಜಿಗೆ ಹೋಗುವುದು ನಿಂತಿತು. ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಇರುವ ಹೊಸ ತರಗತಿಯನ್ನು ಸಂಘವೇ ಶುರುಮಾಡಿತು. ಸಮಿತಿಯಲ್ಲಿ ನಾನೂ ಇದ್ದೆ. ಅಲ್ಲಿ ಎಲ್ಲರಿಗೂ ಒಂದೇ ಪುಸ್ತಕ. ಮಗಳು ನಾಲ್ಕು ವಾರ ಹೋದಳು, ಐದನೆಯ ವಾರ ಹೊಟ್ಟೆನೋವು ಎಂದಳು, ಆರನೆಯ ವಾರವೂ ಹೊಟ್ಟೆನೋವು. ಆಂಟಿಯ ಮನೆಗೆ ಹೋಗುತ್ತೇನೆ ಎಂದಾಗ ನಾನು ಬೇಡವೆಂದೆ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಮಗಳ ಓದನ್ನು ಕಳೆದೆ.

ಮುಂದಿನ ಬೇಸಿಗೆಯಲ್ಲಿ ಅಂಕಲ್ ಅಂಗಡಿ ಮಾರಿದರು. ಇಬ್ಬರೂ ಸ್ಯಾನ್ ಡಿಯಾಗೋದಲ್ಲಿದ್ದ ಮಗನ ಮನೆಯ ಹತ್ತಿರಕ್ಕೆ ಹೋಗುತ್ತಾರೆಂದು ಯಾರೋ ಹೇಳಿದರು. ನಾನು ಬೀಳ್ಕೊಡಲು ಹೋಗಲಿಲ್ಲ. ಒಂದು ಮಧ್ಯಾಹ್ನ ಕೆಲಸದಿಂದ ಬಂದರೆ ಬಾಗಿಲ ಮುಂದೆ ಬಟ್ಟೆಯ ಚೀಲವಿತ್ತು. ಒಳಗೆ ಹಳದಿಯವು ಹತ್ತು, ಹಸಿರಿನವು ಹತ್ತು, ನೀಲಿಯವು ಐದು. ಮೇಲೊಂದು ಚೀಟಿ: "ಇವು ನಿಮಗೆ. ದಿನಾ ಒಂದು ಪುಟ ಓದಿ. ಮಗಳ ಜೊತೆ ಓದಿ. ಬೇಸರ ಬೇಡ. ಮುಗಿದ ಮೇಲೆ ಹೇಳಿ, ಬೇರೆ ಕಳಿಸುವೆ."

ನಾನದನ್ನು ನಿಂತಲ್ಲೇ, ಯಾರ ಸಹಾಯವೂ ಇಲ್ಲದೆ ಓದಿಕೊಂಡೆ. ಎಷ್ಟೋ ದಿನವಾದ ಮೇಲೆ ಹೊಳೆಯಿತು, ಇಡೀ ಚೀಟಿಯಲ್ಲಿ ಒಂದು ಒತ್ತಕ್ಷರವೂ ಇರಲಿಲ್ಲ. ನನಗೆ ಓದಲು ಬರುವ ಹಾಗೆ, ನನ್ನ ಬಣ್ಣದಲ್ಲೇ ಬರೆದಿದ್ದರು. ಹಾಲ್‌ನಲ್ಲಿ ಅಷ್ಟು ಜನರ ಮುಂದೆ ಅವಮಾನ ಮಾಡಿದವಳಿಗೆ ಪತ್ರ ಬರೆಯಲು ಕೂತು, ಈ ಪದ ಅವಳಿಗೆ ಕಷ್ಟವಾದೀತೇ ಎಂದು ಒಂದೊಂದನ್ನೂ ಆರಿಸಿದ್ದರು. ಆ ದಿನ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅವತ್ತಿನಿಂದ ಓದತೊಡಗಿದೆ. ಮಗಳೂ ನಾನೂ ಸೋಫಾದ ಮೇಲೆ ಕೂತು, ಒಂದು ಪುಟ ಅವಳು, ಒಂದು ಪುಟ ನಾನು. ಹಸಿರಿಗೆ ನನಗಿಂತ ಮೊದಲು ಅವಳು ಹೋದಳು. ಆದರೂ ಆಂಟಿಗೆ ಒಂದು ಫೋನು ಮಾಡಲಿಲ್ಲ. ಮುಗಿದ ಮೇಲೆ ಹೇಳಿ ಎಂದಿದ್ದರು. ಮುಗಿದಿಲ್ಲವಲ್ಲ ಎಂದು ನೆಪ ಹೇಳಿಕೊಂಡೆ.

ಈ ವರ್ಷದ ಬೇಸಿಗೆಯಲ್ಲಿ ಆಂಟಿಗೆ ತೀರಾ ಹುಷಾರಿಲ್ಲ, ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ ಎಂದು ಗೊತ್ತಾಯಿತು. ಮಗಳನ್ನು ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ, ಸಮುದ್ರ ಕಾಣಿಸಿಕೊಳ್ಳುವ ತನಕವೂ, ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಉರುಹೊಡೆದೆ. ಅವರ ಮಗನ ಮನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕೈ ಸೊರಗಿತ್ತು. ಉಗುರುಗಳ ಮೇಲೆ ಏನೂ ಇರಲಿಲ್ಲ. ಮಗಳನ್ನು ಮೊಮ್ಮಕ್ಕಳ ಜೊತೆ ಆಡಲು ಕಳಿಸಿ ನಾನು ಶುರುಮಾಡಿದೆ. ಆ ದಿನ ನಾನು ಆಡಿದ ಮಾತಿಗೆ ಕ್ಷಮೆಯಿಲ್ಲ, ನನ್ನ ಅಜ್ಞಾನ ಮುಚ್ಚಿಕೊಳ್ಳಲು ನಿಮ್ಮ ಹೆಸರು ಕೆಡಿಸಿದೆ, ಹೀಗೆ ಐದಾರು ವಾಕ್ಯ. ಮುಗಿಯುವ ತನಕ ಸುಮ್ಮನೆ ಕೇಳಿ ಆಂಟಿ ನಕ್ಕರು.

"ಬಾಯಿಪಾಠ ಮಾಡ್ಕೊಂಡ್ ಬಂದ್ರಾ ಅಮ್ಮಾ?"

ಹೌದೆಂದು ತಲೆಯಾಡಿಸಿದೆ.

"ಎಲ್ಲೂ ತಡವರಿಸಲಿಲ್ಲ ನೋಡಿ. ಅದಕ್ಕೇ ಗೊತ್ತಾಯ್ತು. ಅವತ್ತು ಪುಟ್ಟೀನೂ ಹಾಗೇ." ಸ್ವಲ್ಪ ಸುಧಾರಿಸಿಕೊಂಡು, "ಪುಸ್ತಕ ಏನಾದ್ರೂ ತಂದಿದೀರಾ?" ಎಂದರು.

ಬ್ಯಾಗಿನಲ್ಲಿ ನೀಲಿ ಚುಕ್ಕಿಯದೊಂದಿತ್ತು. ಓದಿ ಎಂದರು. ಓದಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಬಲಗೈ ಈ ಸಲ ಹೊದಿಕೆಯ ಮೇಲೆಯೇ ಇತ್ತು, ನನಗೆ ಕಾಣುವ ಹಾಗೆ. ಪುಟದ ಕೊನೆಗೆ ಬರುವಷ್ಟರಲ್ಲಿ ಹೆಬ್ಬೆರಳೊಂದು ಉಳಿದಿತ್ತು.

"ನಾಲ್ಕು. ಇದು ನಿಮ್ಮ ಪುಸ್ತಕ" ಎಂದರು. ಆಮೇಲೆ ಕಣ್ಣು ತೆರೆದು, "ನನಗೆ ಹೇಳಿದ್ರಿ, ಸರಿ. ಪುಟ್ಟಿಗೆ ಹೇಳಿದ್ರಾ? ಅಷ್ಟು ಜನರ ಮುಂದೆ ನಿಂತಿದ್ದು ಅವಳು" ಎಂದು ಕೇಳಿದರು.

ಹೇಳಿರಲಿಲ್ಲ. ಮೂರು ವರ್ಷದಲ್ಲಿ ನನಗದು ಹೊಳೆದೇ ಇರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡು ಹೇಳಿದೆ. ಆ ದಿನ ಸ್ಟೇಜಿನ ಮೇಲೆ ನಿನ್ನದೇನೂ ತಪ್ಪಿರಲಿಲ್ಲ ಮಗಳೇ, ಆ ಪುಟ ಓದಲು ನನಗೂ ಬರುತ್ತಿರಲಿಲ್ಲ ಎಂದೆ. ಇದಕ್ಕೆ ಬಾಯಿಪಾಠ ಮಾಡಿರಲಿಲ್ಲ, ನಾಲ್ಕು ಕಡೆ ನಿಂತೆ. ಅವಳು ಕಿಟಕಿಯಾಚೆ ನೋಡುತ್ತ, "ಐ ನೋ, ಅಮ್ಮಾ" ಎಂದಳು. ಮಲಗುವಾಗ ಒಂದೇ ಕನ್ನಡ ಪುಸ್ತಕದಿಂದ ನಾನು ಓದಿ ಹೇಳುತ್ತಿದ್ದ ಕತೆ ಪ್ರತಿ ಸಲವೂ ಬೇರೆ ಬೇರೆಯಾಗಿರುತ್ತಿತ್ತಂತೆ. ಪುಟ್ಟವಳಿದ್ದಾಗಲೇ ಅದನ್ನು ಹೋಗಿ ಆಂಟಿಗೆ ಹೇಳಿದ್ದಳಂತೆ. "ಆಂಟಿ ಸೆಡ್, ಅಮ್ಮ ಕಲೀತಿದಾರೆ, ಯಾರಿಗೂ ಹೇಳಬೇಡ."

ಅಂದರೆ ಆ ದಿನ ವೇದಿಕೆಯ ಮೇಲೆ ನನ್ನ ಗುಟ್ಟು ತಿಳಿದವರು ಇಬ್ಬರು ಹೆಣ್ಣುಮಕ್ಕಳಿದ್ದರು, ಒಬ್ಬರಿಗೆ ಅರವತ್ತು ದಾಟಿತ್ತು, ಇನ್ನೊಬ್ಬಳಿಗೆ ಎಂಟು. ನಾನು ಇಬ್ಬರನ್ನೂ ಹಳಿದೆ. ಇಬ್ಬರೂ ನನ್ನನ್ನು ಬಿಟ್ಟುಕೊಡಲಿಲ್ಲ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಯಾವುದೋ ಪೆಟ್ರೋಲ್ ಬಂಕಿನ ಮುಂದೆ ಕಾರು ನಿಲ್ಲಿಸಿ ಅತ್ತೆ.

ರಂಜಾನಿನ ಮೊದಲ ವಾರದಲ್ಲಿ ಆಂಟಿ ತೀರಿಕೊಂಡರು. ನನಗೆ ಸುದ್ದಿ ಬಂದದ್ದು ಮಣ್ಣಾದ ಮಾರನೆಯ ದಿನ. ಅವರ ಪುಸ್ತಕಗಳ ರಟ್ಟುಗಳು ಸವೆದಿವೆ. ಮಗಳೂ ನಾನೂ ದಾರ ಹಾಕಿ ಮತ್ತೆ ಹೊಲಿಯುತ್ತಿದ್ದೇವೆ.

ಈ ಬರಹವನ್ನು ಕನ್ನಡ ಅಕ್ಷರದಲ್ಲಿ, ನನ್ನ ಕೈಯಲ್ಲೇ ಬರೆದಿದ್ದೇನೆ. ತಪ್ಪುಗಳನ್ನು ಮಗಳ ಅಪ್ಪ ತಿದ್ದಿದ್ದಾರೆ. ಬರುವ ರಾಜ್ಯೋತ್ಸವದಲ್ಲಿ, ಅದೇ ಹಾಲ್‌ನಲ್ಲಿ, ಇದನ್ನು ಓದಲು ಅರ್ಧ ಗಂಟೆ ಬೇಕೆಂದು ಸಂಘವನ್ನು ಕೇಳಿದ್ದೇನೆ. ಏನು ವಿಷಯ ಎಂದು ಕೇಳಿದರು. ಟೀಚರೊಬ್ಬರ ಬಗ್ಗೆ ಎಂದಿದ್ದೇನೆ. ಬಾಯಿಪಾಠ ಮಾಡುವುದಿಲ್ಲ, ಕಾಗದ ನೋಡಿಕೊಂಡೇ ಓದುತ್ತೇನೆ. ಎಡವುತ್ತೇನೆ, ಅದು ಗೊತ್ತು. ತಾನು ಮೂರನೆಯ ಸಾಲಿನಲ್ಲಿ ಕೂರುತ್ತೇನೆ, ಎಷ್ಟು ಬೆರಳು ಮಡಿಯಿತೆಂದು ಆಮೇಲೆ ಹೇಳುತ್ತೇನೆ ಎಂದು ಮಗಳು ಹೇಳಿದ್ದಾಳೆ.